ಜೆಪ್ಪುವಿನ ಸ್ಪಿಟ್‌ಫೈರ್

ಜೆಪ್ಪು ಮಾರ್ಕೆಟಿಗೆ ಮೀನಿಗೆ ಹೋಗಬೇಕಾಗಿದ್ದ ಭಾನುವಾರ ನಾನು ಬಜಪೆಯಿಂದ ಬೆಂಗಳೂರಿನ ಎಚ್‌ಎಎಲ್‌ಗೆ ಸ್ಪಿಟ್‌ಫೈರ್ ಹಾರಿಸುತ್ತಿದ್ದೆ. ಕಂಪ್ಯೂಟರಿನಲ್ಲಿ ಮಾರಾಯ್ರೇ, ರೇಸು! ಬಜಪೆಯೆಂದರೆ 1951ರಲ್ಲಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ಮಂಗಳೂರಿನ ಗುಡ್ಡ. ನನ್ನ ಸ್ಪಿಟ್‌ಫೈರ್ ಯುದ್ಧವಿಮಾನದ ಮೂತಿಯೋ ಆಕಾಶ ನೋಡುತ್ತದೆ, ಎದುರಿನ ರನ್‌ವೇ ಕಾಣುವುದೇ ಇಲ್ಲ; ಹಾವಿನಂತೆ ಅಂಕುಡೊಂಕಾಗಿ ಹೋಗಬೇಕು. ನೆಲದಲ್ಲಿ ಹೆಚ್ಚು ಹೊತ್ತು ನಿಂತರೆ ಮರ್ಲಿನ್ ಎಂಜಿನ್ ಕುದಿಯುತ್ತದೆ. ವೇಗ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಪ್ರಯಾಣಿಕರನ್ನು ಕಂಡ ಸಿಟಿ ಬಸ್ಸಿನ ಹಾಗೆ.

ಶಿರಾಡಿ ಘಾಟಿಯ ಮೇಲೆ ಎರಡನೇ ಸ್ಥಾನದಲ್ಲಿದ್ದೆ. ಅಡುಗೆಮನೆಯಿಂದ ಹೆಂಡತಿಯ ದನಿ: “ಬಂಗುಡೆ ಮುಗಿದರೆ ನಿಮ್ಮ ವಿಮಾನವನ್ನೇ ಪುಳಿಮುಂಚಿ ಮಾಡ್ತೇನೆ!”

ಚೀಲ ಹಿಡಿದು ಎದ್ದೆ. ರೇಸಿನಲ್ಲಿ ನಿಲ್ಲಿಸುವ ಗುಂಡಿಯಿಲ್ಲ. ವಿಮಾನ ಸಕಲೇಶಪುರದ ಕಾಫಿ ತೋಟಕ್ಕೆ ಬಿತ್ತು. ಬಂಗುಡೆ ಮಾತ್ರ ತಾಜಾ ಇತ್ತು.