ಹಾರುವುದೋ, ಹೊರಳುವುದೋ?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎನ್ನುವವರು, ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು ಎಂಬುದನ್ನು ಜಾಣತನದಿಂದ ನುಂಗಿಬಿಡುತ್ತಾರೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಯುವಜ್ರ ಬಸ್ಸು ನಿಂತಲ್ಲೇ ನಿಂತಿರುವಾಗ, ನಮ್ಮದೇ ಇರಬಹುದಾದ ವಿಮಾನ ಆಕಾಶದಲ್ಲಿ ಹೋಗುವುದನ್ನು ನೋಡುವ ಭಾಗ್ಯ ಬೇರೆ. ತಲುಪಿದ ಮೇಲೆ ಬೆಲ್ಟು ಬಿಚ್ಚಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದರಲ್ಲಿ ಟ್ರೇ ತಳ್ಳಬೇಕು. ಬಜ್ಪೆಯ ಗುಡ್ಡದ ನೆತ್ತಿಯಲ್ಲಿ ಇಳಿದಮೇಲೆ ಮತ್ತೆ ಟ್ಯಾಕ್ಸಿಯವನೊಡನೆ ಚೌಕಾಸಿ.

ಹಾಗೆಂದು ಸ್ಲೀಪರ್ ಬಸ್ಸಿನಲ್ಲಿ ನಿದ್ದೆ ಬರುತ್ತದೆ ಎಂದಲ್ಲ. ನೆತ್ತಿಗೇ ಗುರಿಯಿಟ್ಟ ಎಸಿ ರಂಧ್ರವನ್ನು ಯಾರೋ ಪುಣ್ಯಾತ್ಮರು ಟಿಶ್ಯೂ ತುರುಕಿ ಮುಚ್ಚಿರುತ್ತಾರೆ. ಅದು ನಡುರಾತ್ರಿ ಮುಖದ ಮೇಲೆ ಬೀಳುತ್ತದೆ. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಹೆದ್ದಾರಿಯ ಹೋಟೆಲು, ಎಲ್ಲ ಲೈಟೂ ಝಗ್! ಹಗಲಲ್ಲಿ ಪಥ್ಯ ಹೇಳುವವರೂ ಹನ್ನೆರಡೂವರೆಗೆ ಮಸಾಲೆ ದೋಸೆ ತಿನ್ನುತ್ತಾರೆ. ಆಮೇಲೆ ಶಿರಾಡಿ ಘಾಟಿ. ಸಕಲೇಶಪುರ ದಾಟಿದ್ದು ಗೊತ್ತಾಗಲು ಮ್ಯಾಪು ಬೇಡ, ಪಕ್ಕದವರ ಮೊಣಕೈ ಸಾಕು.

ಆದರೂ ನನ್ನ ವೋಟು ಬಸ್ಸಿಗೇ. ಅಮ್ಮ ಕಟ್ಟಿಕೊಡುವ ಹಲಸಿನ ಹಪ್ಪಳ, ತೆಂಗಿನೆಣ್ಣೆ ಡಬ್ಬವನ್ನು ಬಸ್ಸಿನ ಡಿಕ್ಕಿ ತೂಕ ಕೇಳದೆ ನುಂಗುತ್ತದೆ. ವಿಮಾನದ ಕೈಚೀಲಕ್ಕೆ ಏಳು ಕೆಜಿಯ ಲಕ್ಷ್ಮಣರೇಖೆ. ಬೆಳಗಿನ ಜಾವ ಕ್ಲೀನರ್ ಬರ್ತುಗಳನ್ನೆಲ್ಲ ತಟ್ಟುತ್ತಾ “ಬೀಸಿ ರೋಡ್, ಬೀಸಿ ರೋಡ್” ಎಂದು ಕೂಗುತ್ತಾನೆ. ಬೀಸಿ ರೋಡಿನಲ್ಲಿ ಇಳಿಯಬೇಕಾದವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಎದ್ದು ಕೂರುತ್ತಾರೆ.