ಟಿ.ವಿ. ಪಕ್ಕದ ಸ್ಮಾರ್ಟ್ ಲೈಟ್ ಬಾರ್‌ಗಳ ಸನ್ನಿಧಾನಕ್ಕೆ

ಮಹಾಮಹಿಮರೇ,

ನಮ್ಮ ಟಿ.ವಿ.ಯ ಎಡಕ್ಕೊಬ್ಬರು ಬಲಕ್ಕೊಬ್ಬರು ಜಯ-ವಿಜಯರಂತೆ ನಿಂತಿರುವ ತಮಗೆ ಈ ಮನೆಯ ಯಜಮಾನನೆಂದು ಇನ್ನೂ ನಂಬಿಕೊಂಡಿರುವವನ ಸಾಷ್ಟಾಂಗ ನಮಸ್ಕಾರ.

ತಾವು ಬಿಜಯಂಗೈದ ದಿನ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಫೋಮು, ಫೋಮಿನೊಳಗೆ ತಾವು. ಜತೆಗೊಂದು ಅಡಾಪ್ಟರು, ಎರಡೂ ಕಡೆ ಅಂಟುವ ಟೇಪು, ಪೋಲಿಷ್ ಭಾಷೆಯೂ ಇರುವ ಕೈಪಿಡಿ. ಕನ್ನಡ ಇರಲಿಲ್ಲ, ನಾವು ನಿರೀಕ್ಷಿಸಿಯೂ ಇರಲಿಲ್ಲ. ಪ್ಲಗ್ಗಿಗೆ ಸಿಕ್ಕಿಸಿದರೆ ದೀಪ ಉರಿಯುತ್ತದೆ ಎಂದು ಅಮ್ಮ ಸೆರಗು ಸರಿಮಾಡಿಕೊಂಡು ಎದುರು ಕೂತರು. ಪಾಪ, ಹಳೇ ಕಾಲದವರು.

ಮೊದಲು ಆ್ಯಪ್. ಆ್ಯಪಿಗೆ ಖಾತೆ, ಖಾತೆಗೆ ಈಮೇಲು, ಈಮೇಲಿಗೆ ಓಟಿಪಿ. ಆಮೇಲೆ ಲೊಕೇಶನ್. ದೀಪ ಹಾಲ್‌ನಲ್ಲೇ ಇದೆ, ನಾನೂ ಹಾಲ್‌ನಲ್ಲೇ ಇದ್ದೇನೆ, ಇನ್ನೆಲ್ಲಿಯ ಲೊಕೇಶನ್ ಎಂದು ಕೇಳಿದೆ. ಹಳೆಯ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಬ್ಲೂಟೂತ್ ಸಾಧನ ಹುಡುಕಬೇಕಾದರೂ ಲೊಕೇಶನ್ ಅನುಮತಿ ಬೇಕೇ ಬೇಕು, 12ನೇ ಆವೃತ್ತಿಯಿಂದ ಅದಕ್ಕೆ ಬೇರೆ ಅನುಮತಿ ಬಂದಿದೆ ಎಂದು ಮಗಳು ವಿವರಿಸಿದಳು. ನನ್ನ ಫೋನು ಹಳೆಯದು. ಆದ್ದರಿಂದ ಖಾತೆ ಅವಳ ಫೋನಿಗೆ ಹೋಯಿತು. ಇದರ ಫಲ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಂತರ ವೈಫೈ. ಮನೆಯಲ್ಲಿ 5 ಗಿಗಾಹರ್ಟ್ಸ್ ಓಡುತ್ತಿದೆ, ತಮಗೆ ಒಗ್ಗುವುದು 2.4 ಮಾತ್ರ. 2.4ರ ಚಿಪ್ಪು ಅಗ್ಗ, ಅದರ ಅಲೆ ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುತ್ತದೆ. ನ್ಯಾಯವಾದ ಕಾರಣವೇ, ನಮ್ಮ ತಕರಾರಿಲ್ಲ. ಆದರೆ ಆ ವಿಷಯವನ್ನು ಡಬ್ಬಿಯ ತಳದಲ್ಲಿ ಭೂತಗನ್ನಡಿಗೆ ಮಾತ್ರ ಕಾಣುವಂತೆ ಅಚ್ಚು ಹಾಕಿಸಿ, ಮುಂದುಗಡೆ ‘1.6 ಕೋಟಿ ಬಣ್ಣ’ ಎಂದು ಡಂಗುರ ಸಾರಿದ್ದೀರಿ. ಲೆಕ್ಕ ಸರಿಯಿದೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮಟ್ಟ, ಗುಣಿಸಿದರೆ 1,67,77,216. ಅಮ್ಮನಿಗೆ ಬೇಕಿದ್ದದ್ದು ಒಂದೇ, ಕಣ್ಣಿಗೆ ಚುಚ್ಚದ ಹಳದಿ. ಆ್ಯಪಿನಲ್ಲಿ ‘ಅರೋರಾ’ ಸಿಕ್ಕಿತು, ‘ಸೈಬರ್‌ಪಂಕ್’ ಸಿಕ್ಕಿತು.

ತಮ್ಮ ಸಂಗೀತಜ್ಞಾನದ ಬಗ್ಗೆ ಎರಡು ಮಾತು ಹೇಳಲೇಬೇಕು. ಮ್ಯೂಸಿಕ್ ಮೋಡ್‌ನಲ್ಲಿ ತಾವು ಮೈಕಿನಿಂದ ಕೇಳಿಸಿಕೊಂಡು ಕುಣಿಯುತ್ತೀರಿ. ಮೈಕಿಗೆ ರಾಗವೂ ಒಂದೇ, ರಗಳೆಯೂ ಒಂದೇ. ಕುಕ್ಕರ್ ಕೂಗಿದರೆ ಕೆಂಪಾಗುತ್ತೀರಿ, ಮಿಕ್ಸಿಯಲ್ಲಿ ಚಟ್ನಿ ತಿರುಗಿದರೆ ನೇರಳೆಯಲ್ಲಿ ನಡುಗುತ್ತೀರಿ. ಸಂಜೆ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುವಾಗ ತಾವು ತೋರಿಸುವ ಉತ್ಸಾಹ ನೋಡಿದರೆ ಯಾರ ಪಕ್ಷವೆಂದು ಅನುಮಾನ ಬರುತ್ತದೆ. ಭಜನೆಗೆ ಕೂತ ಅಮ್ಮ ಒಮ್ಮೆ ಕೆಮ್ಮಿದರು, ಹಾಲಿಡೀ ಹಸಿರಾಯಿತು. ಅವರು ಈಗ ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ.

ಹಾಗಾದರೆ ಆರಿಸಿಬಿಡಬಹುದಲ್ಲ? ಗುಂಡಿಯೇನೋ ಇದೆ. ತಂತಿ ಗಿಡ್ಡವಾದ್ದರಿಂದ ಅದು ಟಿ.ವಿ. ಹಿಂದಿನ ಧೂಳಿನಲ್ಲಿ ಅಜ್ಞಾತವಾಸ ಮಾಡುತ್ತಿದೆ. ಇನ್ನು ಆ್ಯಪೇ ಗತಿ, ಆ್ಯಪ್ ಇರುವುದು ಮಗಳ ಫೋನಿನಲ್ಲಿ, ಮಗಳಿರುವುದು ಮಂಗಳೂರಿನ ಹಾಸ್ಟೆಲಿನಲ್ಲಿ. ಮೊನ್ನೆ ಕರೆಂಟ್ ಹೋಗಿ ನಡುರಾತ್ರಿ ಬಂತು. ಬಂದ ಕೂಡಲೇ ತಾವು ಪೂರ್ತಿ ಬೆಳಕಿನಲ್ಲಿ ದರ್ಶನ ಕೊಟ್ಟಿರಿ. ನಾನು ಬೆಂಗಳೂರಿನಿಂದ ಫೋನ್ ಮಾಡಿ ಅವಳನ್ನು ಎಬ್ಬಿಸಿದೆ. ಅವಳು ಒತ್ತಿದ ಅಪ್ಪಣೆ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನಮ್ಮ ರೂಟರಿಗೆ ಬಂದು, ನನ್ನ ಕೈಗೆಟಕುವ ದೂರದಲ್ಲಿದ್ದ ತಮ್ಮನ್ನು ಆರಿಸಿತು. ಇದೇ ಊರಿನ ಮಾರ್ಕೆಟ್ಟಿನಲ್ಲಿ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹತ್ತಿತ್ತು. ಅದನ್ನು ನೋಡಲು ಬಂದವರನ್ನು ಯಾರೂ ಪಾಸ್‌ವರ್ಡ್ ಕೇಳಿರಲಾರರು.

ಆ ಸರ್ವರೇ ಒಂದು ದಿನ ಮಲಗಿದರೆ? ನಗಬೇಡಿ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಹೋಮ್ ಕಂಪನಿ ಗ್ರಾಹಕರಿಗೆ ಒಂದು ಮಾತೂ ಹೇಳದೆ ಸರ್ವರು ನಿಲ್ಲಿಸಿತು. ದುಡ್ಡು ಕೊಟ್ಟವರ ಆ್ಯಪ್‌ಗಳು ಸುಮ್ಮನಾದವು. ಕೊನೆಗೆ ಬಳಕೆದಾರರದೇ ಒಂದು ಗುಂಪು ಆ ಕಂಪನಿಯನ್ನು ಕೊಂಡುಕೊಂಡು ಮತ್ತೆ ನಡೆಸಬೇಕಾಯಿತು. ನಮ್ಮಲ್ಲಿ ಕಂಪನಿ ಕೊಳ್ಳುವಷ್ಟು ಶಕ್ತಿಯಿಲ್ಲ, ಇಎಂಐ ಇನ್ನೂ ನಡೆಯುತ್ತಿದೆ.

ಆದ್ದರಿಂದ ತಮ್ಮನ್ನು ಹೆತ್ತ ಕಂಪನಿಯವರಿಗೆ ನಮ್ಮ ಅಹವಾಲು ತಲುಪಿಸಿ. ತಂತಿಯನ್ನು ಒಂದು ಮಾರು ಉದ್ದ ಮಾಡಲಿ, ಗುಂಡಿ ಕೈಗೆ ಸಿಗಲಿ. 2.4 ಎಂಬುದನ್ನು ಡಬ್ಬಿಯ ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ಬರೆಯಲಿ. ಮನೆಯೊಳಗಿನ ಅಪ್ಪಣೆ ಮನೆಯೊಳಗೇ ಸುತ್ತುವಂಥ ಮ್ಯಾಟರ್ ಎಂಬ ವ್ಯವಸ್ಥೆ 2022ರಲ್ಲೇ ಬಂದಿದೆ, ಅದನ್ನು ಅಗ್ಗದ ಮಾಲಿಗೂ ಹಾಕಲಿ. ಓದುಗ ಮಹನೀಯರೇ, ಹಬ್ಬದ ರಿಯಾಯಿತಿಯಲ್ಲಿ ಇಂಥದ್ದು ಕೊಳ್ಳುವ ಮುನ್ನ ಇಂಟರ್ನೆಟ್ ಇಲ್ಲದೆ ಉರಿಯುತ್ತದೆಯೇ, ಆರುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.

ಇಂತಿ,
ಮನೆಯ ಯಜಮಾನ
(ಆ್ಯಪಿನಲ್ಲಿ: ಅತಿಥಿ)