ಸೀಬೆಮರದ ಸೊಂಟಕ್ಕೆ ತಂತಿ

ನಮ್ಮ ಅಲ್ಲಾಳಸಂದ್ರದಲ್ಲಿ ಹರಟೆ ಎಲ್ಲಿಂದ ಶುರುವಾದರೂ ನೀರಿಗೇ ಬಂದು ನಿಲ್ಲುತ್ತದೆ. ಮೊನ್ನೆ ಕಾಂಪೌಂಡಿನ ಆ ಕಡೆಯಿಂದ ಅಜ್ಜಿ ಕರೆದರು. "ಬಾಪ್ಪಾ ಇಲ್ಲಿ, ಸೀಬೆಮರಕ್ಕೆ ಗಂಟು ಬಂದೈತೆ. ದೃಷ್ಟಿ ಆಗಿರ್ಬೇಕು."

ಬಟ್ಟೆ ಒಣಹಾಕುವ ತಂತಿಯನ್ನು ಕಾಂಡಕ್ಕೆ ಸುತ್ತಿ ಯಾವ ಕಾಲವಾಯಿತೋ, ತೊಗಟೆಯೊಳಗೆ ಹೂತಿತ್ತು. ಮೇಲ್ಗಡೆ ಮಾತ್ರ, ಬಿಗಿ ಉಡಿದಾರದ ಮೇಲಿನ ಹೊಟ್ಟೆಯ ಹಾಗೆ ಉಬ್ಬು.

"ದೃಷ್ಟಿ ಅಲ್ಲ ಅಜ್ಜಿ, ತಂತಿ. ಎಲೆ ಮಾಡಿದ ಅಡುಗೆ ತೊಗಟೆಯ ಒಳಮೈಯಲ್ಲಿ ಇಳಿದು ಬೇರಿಗೆ ಹೋಗಬೇಕು. ಇಲ್ಲಿ ಸಿಕ್ಕಿಬಿದ್ದಿದೆ."

"ಹಂಗಾದ್ರೆ ಎಲೆ ಯಾಕೆ ಬಾಡಿಲ್ಲ?"

ಒಳ್ಳೆ ಪಾಟೀಸವಾಲು. ನೀರು ಹತ್ತುವ ದಾರಿ ಬೇರೆ, ಅದು ಒಳಗಿನ ಕಟ್ಟಿಗೆಯಲ್ಲಿ. ತಂತಿ ಅಲ್ಲಿಗೆ ಮುಟ್ಟಿಲ್ಲ. ಕ್ಸೈಲಂ, ಫ್ಲೋಯಂ ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತದ್ದು ಇವನ್ನೇ. ಮೇಲೆ ಹಸಿರು, ಕೆಳಗೆ ಬೇರಿಗೆ ಉಪವಾಸ. ಕೇಬಲ್ ವೈರು ಬಿಗಿಸಿಕೊಂಡ ರಸ್ತೆಬದಿ ಹೊಂಗೆಗಳ ಪಾಡೂ ಇದೇ, ಕೇಳುವವರಿಲ್ಲ.

"ಅಷ್ಟೆತ್ತರ ನೀರೆತ್ತೋ ಮೋಟ್ರು ಯಾವ್ದಪ್ಪಾ? ನಮ್ ಬೋರು ಸಾವಿರ ಅಡಿ ಇಳಿದ್ರೂ ಉಸ್ ಅಂತೈತೆ."

ಬಾವಿಯ ಮೇಲೆ ಪಂಪಿಟ್ಟು ಹೀರಿದರೆ ನೀರು 10 ಮೀಟರಿನ ಆಸುಪಾಸಿನಲ್ಲೇ ಕೈಕೊಡುತ್ತದೆ. ನೀಲಗಿರಿ ಮರ ಅದರ ಎರಡರಷ್ಟು ಎತ್ತರಕ್ಕೆ ಸದ್ದಿಲ್ಲದೆ ಏರಿಸುತ್ತದೆ. ಕಾಂಡದೊಳಗಿನ ಜೀವಕೋಶಗಳೇ ಮಿಡಿದು ನೀರು ತಳ್ಳುತ್ತವೆಂದು ಜಗದೀಶಚಂದ್ರ ಬೋಸರು 1923ರಲ್ಲಿ ಪುಸ್ತಕವನ್ನೇ ಬರೆದರು. ನನಗೂ ಅದೇ ಚೆಂದ ಕಾಣುತ್ತದೆ, ಆದರೆ ನಿಂತದ್ದು ಡಿಕ್ಸನ್ ಮತ್ತು ಜಾಲಿ ಎಂಬುವರು 1894ರಲ್ಲಿ ಡಬ್ಲಿನ್‌ನಲ್ಲಿ ಹೇಳಿದ ಮಾತು. ಅಜ್ಜಿಗೆ ಡಬ್ಲಿನ್ ಬೇಕಿರಲಿಲ್ಲ. ಬಕೆಟ್ಟಿನ ಸೀರೆ ತೋರಿಸಿದೆ.

"ಇದು ಒಣಗೋ ಹಾಗೆ ಎಲೆಯಿಂದಲೂ ನೀರು ಆರ್ತಾ ಇರುತ್ತೆ. ಕೂದಲೆಳೆಯಂಥ ಕೊಳವೆಯಲ್ಲಿ ನೀರು ದಾರದ ಹಾಗೆ, ಸುಲಭಕ್ಕೆ ತುಂಡಾಗಲ್ಲ. ಮೇಲಿಂದು ಆರಿದಷ್ಟೂ ಕೆಳಗಿಂದು ಎಳೆದುಕೊಂಡು ಬರುತ್ತೆ, ಬೇರಿನಿಂದ, ಮಣ್ಣಿನ ಉಪ್ಪು ಸಮೇತ."

"ಬಿಸ್ಲೇ ಮೋಟ್ರು ಅನ್ನು. ಕರೆಂಟ್ ಬಿಲ್ಲಿಲ್ಲ." ಒಂದು ಗಳಿಗೆ ಉಬ್ಬನ್ನು ಸವರಿ ಅಂದರು: "ನಮ್ಮಪ್ಪ ಸೀಬೆ ಕೊಂಬೇಲಿ ಬಳೆಯಷ್ಟು ತೊಗಟೆ ಬಿಡಿಸಿ, ಒದ್ದೆ ಪಾಚಿ ಸುತ್ತಿ ಗೂಟಿ ಕಟ್ಟೋನು. ಬೇರು ಬರ್ತಿದ್ದಿದ್ದು ಬಳೆ ಮೇಲ್ಗಡೆಯಿಂದ್ಲೇ! ಅದು ಇದೇ ಸಿಕ್ಕಿಬಿದ್ದ ಊಟ ತಿಂದು ಹುಟ್ಟಿದ್ದಾ?"

ಅದು ನನಗೆ ಹೊಳೆದೇ ಇರಲಿಲ್ಲ. ಹೂಂಗುಟ್ಟಿ ಕಟಿಂಗ್ ಪ್ಲೇಯರ್ ತಂದೆ. ಪುಣ್ಯಕ್ಕೆ ಒಂದು ಪಕ್ಕ ತಂತಿ ಇನ್ನೂ ಹೊರಗಿತ್ತು. ಅಷ್ಟನ್ನು ಕತ್ತರಿಸಿದೆ, ಹೂತದ್ದನ್ನು ಕೀಳಲು ಹೋಗಲಿಲ್ಲ.

"ಸರಿ, ಈಗ ಸೀರೆ ಎಲ್ಲಿ ಹಾಕ್ಲಿ?" ಎಂದ ಅಜ್ಜಿಯ ಕಣ್ಣು ಆಗಲೇ ನಮ್ಮ ಗೇಟಿನ ಮೇಲಿತ್ತು.